ಒಂಬತ್ತು ದಿನದ ತಂಡ, ಮೂವತ್ತು ದಿನದ ಫಿಲ್ಟರ್

ಅಮೆರಿಕದ ಚರ್ಚುಗಳಲ್ಲಿ ಬೇಸಿಗೆ ರಜೆ ಬಂತೆಂದರೆ ಮಿಷನ್ ಟ್ರಿಪ್ಪಿನ, ಅಂದರೆ ಬೇರೆ ದೇಶಕ್ಕೆ ಹೋಗಿ ಸೇವೆ ಮಾಡಿ ಬರುವ ಪ್ರವಾಸದ, ಓಡಾಟ ಶುರು. ಒಂದೇ ಬಣ್ಣದ ಟೀ ಶರ್ಟು ತೊಟ್ಟ 10-12 ಜನ ಗ್ವಾಟೆಮಾಲಾಕ್ಕೋ ಹೊಂಡುರಾಸ್‌ಗೋ ಹೊರಟು, ಎಂಟೊಂಬತ್ತು ದಿನ ದುಡಿದು ಬರುತ್ತಾರೆ. ಇಲ್ಲಿ ನೆಲೆಸಿದ ಕನ್ನಡ ಕ್ರೈಸ್ತ ಮನೆಗಳ ಮಕ್ಕಳಿಗೂ ಈ ತಂಡಗಳಲ್ಲಿ ಜಾಗವಿದೆ. ಮುಂದಿನ ವರ್ಷ ಎಲ್ಲಿಗೆ ಎಂದು ಕೂತು ಮಾತಾಡುವಾಗ ಹೊಸ ದೇಶದ ಹೆಸರಿಗೇ ಹೆಚ್ಚು ಕೈ ಏಳುತ್ತವೆ. ನಾನು ಹೇಳುವುದು, ಹೋದ ಊರಿಗೇ ಮತ್ತೆ ಹೋಗಿ. ಅದೂ ಹೊಸದಾಗಿ ಕಟ್ಟುವುದಕ್ಕಲ್ಲ, ಕಟ್ಟಿದ್ದು ನಡೆಯುತ್ತಿದೆಯೇ ಎಂದು ನೋಡುವುದಕ್ಕೆ.

ಇಂಥ ತಂಡಗಳು ಹಳ್ಳಿಗಳಲ್ಲಿ ಕುಡಿಯುವ ನೀರು ಸೋಸಲು ಹಾಕಿಕೊಡುವ ಬಯೋಸ್ಯಾಂಡ್ ಫಿಲ್ಟರನ್ನೇ ತೆಗೆದುಕೊಳ್ಳೋಣ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೇವಿಡ್ ಮ್ಯಾಂಜ್ 1990ರ ದಶಕದಲ್ಲಿ ರೂಪಿಸಿದ್ದು. ಸೊಂಟದೆತ್ತರದ ಕಾಂಕ್ರೀಟ್ ಪೆಟ್ಟಿಗೆ. ತಳದಲ್ಲಿ 5 ಸೆಂಟಿಮೀಟರ್ ಎತ್ತರಕ್ಕೆ ದಪ್ಪ ಜಲ್ಲಿ, ಅದರ ಮೇಲೆ ಅಷ್ಟೇ ಎತ್ತರಕ್ಕೆ ಸಣ್ಣ ಜಲ್ಲಿ, ಅದರ ಮೇಲೆ ಅರ್ಧ ಮೀಟರಿಗೂ ತುಸು ಹೆಚ್ಚು ನಯವಾದ ಮರಳು. ಆದರೆ ರೋಗಾಣುಗಳನ್ನು ಕೊಲ್ಲುವುದರಲ್ಲಿ ದೊಡ್ಡ ಪಾಲು ಮರಳಿನ ಮೇಲ್ಭಾಗದಲ್ಲಿ ತಾನಾಗಿ ಬೆಳೆಯುವ ಸೂಕ್ಷ್ಮಜೀವಿಗಳ ಜೀವಪದರದ್ದು. ಅದು ಹದಕ್ಕೆ ಬರಲು 30 ದಿನದವರೆಗೂ ಹಿಡಿಯುತ್ತದೆ. ಅಂದರೆ ತಂಡದವರು ಮನೆ ಸೇರಿ ವಾರಗಳೇ ಕಳೆದ ಮೇಲೆ ಫಿಲ್ಟರ್ ಪೂರ್ತಿ ಕೆಲಸಕ್ಕೆ ಬರುತ್ತದೆ. ಅಲ್ಲಿಯವರೆಗೆ ಸೋಸಿದ ನೀರಿಗೆ ಕ್ಲೋರಿನ್ ಹಾಕಬೇಕು ಅಥವಾ ಕುದಿಸಬೇಕು ಎಂದು ಮನೆಯವರಿಗೆ ಬಿಡಿಸಿ ಹೇಳಿರಬೇಕು. ಕ್ಲೋರಿನ್ನನ್ನು ಫಿಲ್ಟರಿನ ಒಳಗೇ ಸುರಿದರೆ ಜೀವಪದರವೇ ಸತ್ತುಹೋಗುತ್ತದೆ.

ಜನ ಹೆಚ್ಚಿದ್ದರೆ ಕೆಲಸ ಹೆಚ್ಚು ಆಗುತ್ತದೆ ಎಂಬ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ಉಕ್ಕಿನ ಒಂದು ಅಚ್ಚಿನಲ್ಲಿ ದಿನಕ್ಕೆ ಒಂದೇ ಪೆಟ್ಟಿಗೆ. ಇವತ್ತು ಕಾಂಕ್ರೀಟ್ ಹೊಯ್ದರೆ ಅಚ್ಚು ಬಿಚ್ಚುವುದು ನಾಳೆ. ಆಮೇಲೆ ಕೆಲವು ದಿನ ನೀರುಣಿಸಬೇಕು, ಅವಸರ ಮಾಡಿದರೆ ಬಿರುಕು ಖಂಡಿತ. ಅಚ್ಚು ಒಂದೇ ಇದ್ದರೆ 12 ಜನ ನಿಂತರೂ 5 ದಿನಕ್ಕೆ 5 ಪೆಟ್ಟಿಗೆ. ಅಚ್ಚಿನ ಕೆಲಸ ಊರಿನ ಮೇಸ್ತ್ರಿಗೇ ಇರಲಿ, ಕೂಲಿ ಕೊಟ್ಟು ಮಾಡಿಸಿ. ತಂಡದ ಕೈಗೆ ಮರಳು ಜರಡಿ ಹಿಡಿದು ತೊಳೆಯುವ ಕೆಲಸ ಬೇಕಾದಷ್ಟಿದೆ. ಹೊಳೆ ಮರಳಿಗಿಂತ ಕಲ್ಲು ಪುಡಿ ಮಾಡಿದ ಮರಳು ಮೇಲು, ಅದರಲ್ಲಿ ಕೊಳೆತ ಎಲೆ, ಸಗಣಿಯ ಅಂಶ ಇರುವುದಿಲ್ಲ. ತೊಳೆದದ್ದು ಸಾಕೇ ಎಂದು ತಿಳಿಯಲು ಗಾಜಿನ ಬಾಟಲಿಗೆ ಸ್ವಲ್ಪ ಮರಳು, ನೀರು ಹಾಕಿ ಸುತ್ತ ತಿರುಗಿಸಿ ನಿಲ್ಲಿಸಿ. ಮೂರು ನಾಲ್ಕು ಸೆಕೆಂಡಿನಲ್ಲಿ ಮಸುಕು ನೀರಿನ ಮೂಲಕ ಮರಳಿನ ಮೇಲ್ಮೈ ಕಾಣಬೇಕು. ನೀರು ಸ್ಫಟಿಕದಂತೆ ತಿಳಿಯಾಗಿದ್ದರೆ ತೊಳೆದದ್ದು ಜಾಸ್ತಿಯಾಯಿತು, ನಯವಾದ ಕಣಗಳೆಲ್ಲ ಹೋದವು ಎಂದರ್ಥ.

ಎರಡನೇ ಸಲ ಹೋಗುವವರು ಹೋದ ವರ್ಷದ ಮನೆಗಳ ಪಟ್ಟಿ, ಒಂದು ಅಡಿಕೋಲು, ಒಂದು ಲೀಟರ್ ಬಾಟಲಿ ಹಿಡಿದು ಮನೆಮನೆಗೆ ಹೋಗಲಿ. ನೀರು ಹರಿದು ನಿಂತ ಮೇಲೆ ಮರಳಿನ ಮೇಲೆ 5 ಸೆಂಟಿಮೀಟರ್ ನೀರು ಉಳಿದಿರಬೇಕು. ಹೊರಬಾಯಿಗೆ ಯಾರೋ ನಲ್ಲಿ ಸಿಕ್ಕಿಸಿದ್ದರೆ ನೀರಿನ ಮಟ್ಟ ಏರಿ ಜೀವಪದರಕ್ಕೆ ಗಾಳಿ ಸಾಲದೆ ಹೋಗುತ್ತದೆ. ಪೈಪ್ ಸಿಕ್ಕಿಸಿದ್ದರೆ ನೀರೆಲ್ಲ ಎಳೆದುಕೊಂಡು ಮರಳು ಒಣಗುತ್ತದೆ. ಮೇಲಿನವರೆಗೆ ನೀರು ತುಂಬಿ ಬಾಟಲಿ ಹಿಡಿಯಿರಿ. ನಿಮಿಷಕ್ಕೆ 400 ಮಿಲಿಲೀಟರ್ ಮೀರಬಾರದು, ಅಂದರೆ ಲೀಟರ್ ತುಂಬಲು ಕನಿಷ್ಠ ಎರಡೂವರೆ ನಿಮಿಷ. ಅದಕ್ಕಿಂತ ಬೇಗ ತುಂಬಿದರೆ ಮರಳು ಸರಿಯಿಲ್ಲ. ಮೇಲಿನ ತೂತು ತಟ್ಟೆ ಇದೆಯೇ ನೋಡಿ, ಅದಿಲ್ಲದೆ ಕೊಡದಿಂದ ಸುರಿದರೆ ಮರಳಿನಲ್ಲಿ ಗುಂಡಿ ಬೀಳುತ್ತದೆ. ಕೊನೆಗೆ ಬಿಂದಿಗೆ ನೋಡಿ. ಹೊಳೆ ನೀರು ತಂದ ಬಿಂದಿಗೆಯನ್ನೇ ಸೋಸಿದ ನೀರಿಗೂ ಇಟ್ಟಿದ್ದರೆ ಪಟ್ಟ ಶ್ರಮವೆಲ್ಲ ಅಲ್ಲೇ ವ್ಯರ್ಥ.

ಈ ತಪಾಸಣೆ ಮಾಡಲು ಮಾತು ಬೇಕು. ಗ್ವಾಟೆಮಾಲಾದ ಬೆಟ್ಟದೂರಿನ ಎಷ್ಟೋ ಅಜ್ಜಿಯರದು ಕಕ್ಚಿಕೆಲ್ ಅಥವಾ ಕಿಚೆ ಭಾಷೆ. ಇಂಗ್ಲಿಷ್‌ನಿಂದ ಸ್ಪ್ಯಾನಿಷ್‌ಗೆ, ಅಲ್ಲಿಂದ ಕಕ್ಚಿಕೆಲ್‌ಗೆ ಎರಡು ಸಲ ದಾಟುವಷ್ಟರಲ್ಲಿ 'ಸೋಸಿದ ಮೇಲೆ ಕ್ಲೋರಿನ್' ಎಂಬುದು 'ಕ್ಲೋರಿನ್ ಹಾಕಿ ಸೋಸಿ' ಎಂದಾಗಲು ಹೊತ್ತು ಬೇಡ. 'ಮತ್ಯೋಶ್' ಎಂದು ಕಕ್ಚಿಕೆಲ್‌ನಲ್ಲಿ ಧನ್ಯವಾದ ಹೇಳಿದಾಗ ಅವರ ಮುಖ ಅರಳುತ್ತದೆ ನಿಜ, ಆದರೆ ಮರುವರ್ಷವೂ ಅದೇ ಊರಿಗೆ ಬಂದವರಿಗೆ ಮಾತ್ರ ಎರಡನೇ ಪದ ಕಲಿಯುವ ಅವಕಾಶ.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಟಿಕೆಟ್ಟಿನ ದಿನ ಎಣಿಸಲಿಲ್ಲ. ಅದೇ ಮಿಷನ್‌ನ ಮೋಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ' ಪತ್ರಿಕೆ ತಂದದ್ದು ಕನ್ನಡ ನಾಡಿನಲ್ಲಿ ಸುಮಾರು ಏಳು ವರ್ಷ ಬದುಕಿದ ಮೇಲೆ. ಕಿಟ್ಟೆಲ್ ಜರ್ಮನಿಗೆ ಹೋದವರು ನಿಘಂಟಿಗಾಗಿ ಮತ್ತೆ ಬಂದರು. ಅದು ಅಚ್ಚಾದದ್ದು 1894ರಲ್ಲಿ. ಅವರ ಧರ್ಮಪ್ರಚಾರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ನಿಘಂಟನ್ನು ಇವತ್ತಿಗೂ ತೆರೆಯುತ್ತೇವೆ. ವರ್ಷಗಟ್ಟಲೆ ಇರಲು ಇಂದಿನ ಉದ್ಯೋಗಸ್ಥರಿಗೆ ಆಗದು, ಒಪ್ಪುತ್ತೇನೆ. ಐದು ವರ್ಷ ಒಂದೇ ಊರಿಗೆ ಹೋಗಲು ಆಗುತ್ತದೆ.

ಹಣದ ರೀತಿಯೂ ಬೇರೆ. ಊರಿನ ನಮ್ಮ ಸಿಎಸ್‌ಐ ಸಭೆಗಳ, ಅಂದರೆ ದಕ್ಷಿಣ ಭಾರತದ ಪ್ರಾಟೆಸ್ಟೆಂಟ್ ಚರ್ಚುಗಳ, ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿ, ಕೋಳಿ ಹರಾಜು ಹಾಕಿ ಕೂಡಿಸಿದ ಹಣ ಸಭೆಯದ್ದು. ಅಮೆರಿಕದ ತಂಡಗಳಲ್ಲಿ ಪ್ರತಿಯೊಬ್ಬರೂ ಪರಿಚಿತರಿಗೆ ಪತ್ರ ಬರೆದು ತಮ್ಮ ಟಿಕೆಟ್ಟಿಗೆ ತಾವೇ ಕೂಡಿಸುತ್ತಾರೆ. ಒಬ್ಬರಿಗೆ 2,000 ಡಾಲರ್ ಎಂದರೂ 12 ಜನಕ್ಕೆ 24,000. ಇಬ್ಬರ ಟಿಕೆಟ್ ಬಿಟ್ಟರೆ ಅಲ್ಲಿಯವರೊಬ್ಬರು ವರ್ಷಪೂರ್ತಿ ಈ ಫಿಲ್ಟರುಗಳನ್ನು ನೋಡಿಕೊಳ್ಳಲು ಸಂಬಳಕ್ಕೆ ಒಂದು ದಾರಿಯಾಗುತ್ತದೆ. ಸುಗ್ಗಿ ಹಬ್ಬದ ರೀತಿಯೇ ನನಗೆ ಸರಿ ಕಾಣುತ್ತದೆ: ಹಣ ಕೆಲಸದ ಹೆಸರಿನಲ್ಲಿರಲಿ.

ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿರುವ ಕನ್ನಡಿಗರು ಹೊರಡುವ ಮುಂಚೆ ಪಾಸ್‌ಪೋರ್ಟಿನ ವೀಸಾ ಮುದ್ರೆಯ ತಾರೀಕು ನೋಡಿ. ಅವಧಿ ಮುಗಿದ ಮುದ್ರೆಯಿಟ್ಟುಕೊಂಡು 30 ದಿನದೊಳಗೆ ಹಿಂದಿರುಗುವ ವಿನಾಯಿತಿ ಕೆನಡಾ, ಮೆಕ್ಸಿಕೋಗೆ ಹೋದವರಿಗೆ ಉಂಟು, ಗ್ವಾಟೆಮಾಲಾಕ್ಕೆ ಹೋದವರಿಗಿಲ್ಲ.

ಇದೇ ಫಿಲ್ಟರನ್ನು ನಮ್ಮೂರಿಗೂ ತರೋಣ ಎಂಬ ಮಾತು ತಂಡದ ಕನ್ನಡ ಮಕ್ಕಳಿಂದ ಬರುತ್ತದೆ, ಒಳ್ಳೆಯ ಮನಸ್ಸಿನಿಂದಲೇ. ಆದರೆ ಪಾವಗಡದಂಥ ಕಡೆ ಕೊಳವೆಬಾವಿ ನೀರಿನ ತೊಂದರೆ ಫ್ಲೋರೈಡ್. ನೀರಿನಲ್ಲಿ ಕರಗಿದ ಫ್ಲೋರೈಡನ್ನು ಈ ಮರಳು ಹಿಡಿಯದು. ಮಿಷನರಿ ಕೆಲಸ ಎಂದು ಬರುವುದಾದರೆ ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಸಿಗುವ ಒಸಿಐ ಕಾರ್ಡ್ ಇದ್ದವರಿಗೂ ಭಾರತ ಸರ್ಕಾರದ ವಿಶೇಷ ಅನುಮತಿ ಬೇಕು. ಅನುಮತಿಗೆ ಅರ್ಜಿ ಹಾಕುವುದಕ್ಕೂ ಮೊದಲು ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕಳಿಸಿ.