ಜ್ವರದ ಮೊದಲ ದಿನವೇ ಆಂಟಿಬಯೋಟಿಕ್ ಬೇಕಾ?

ಪರ

ಶಹಾಪುರದ ಒಂದು ಸಣ್ಣ ದವಾಖಾನೆಯಲ್ಲಿ ನಾನು ಹನ್ನೊಂದು ವರ್ಷ ಕಂಪೌಂಡರ್ ಆಗಿದ್ದೆ. ಹತ್ತಿ ಬಿಡಿಸುವ ದಿನಗಳಲ್ಲಿ ಬಾಗಿಲು ತೆಗೆಯುವ ಮೊದಲೇ ಕಟ್ಟೆ ಮೇಲೆ ಜನ ಕೂತಿರುತ್ತಿದ್ದರು. ಎಲ್ಲರೂ ಹಳ್ಳಿಯಿಂದ ಬಸ್ಸು ಹಿಡಿದು ಬಂದವರು. ರೋಗಿಯ ಕೂಲಿ ಹೋಯಿತು, ಕರೆದುಕೊಂಡು ಬಂದವರ ಕೂಲಿಯೂ ಹೋಯಿತು. ಅಂಥವರಿಗೆ "ಪ್ಯಾರಾಸಿಟಮಾಲ್ ತಗೊಳ್ಳಿ, ಜ್ವರ ಇಳಿಯದಿದ್ರೆ ಮೂರು ದಿನ ಬಿಟ್ಟು ಬನ್ನಿ" ಅಂದರೆ ಬರುತ್ತಾರಾ? ಬರುವುದಿಲ್ಲ. ಮೈಮೇಲೆ ಎಚ್ಚರ ತಪ್ಪಿದಾಗ ಬರುತ್ತಾರೆ.

ಟೈಫಾಯ್ಡ್ ಹೌದೋ ಅಲ್ಲವೋ ಅಂತ ತಿಳಿಯಲು ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣು ಬೆಳೆಸಿ ನೋಡುವ ಪರೀಕ್ಷೆ, ಆಗಬೇಕು. ಅದಕ್ಕೆ ಎರಡು-ಮೂರು ದಿನ ಹಿಡಿಯುತ್ತದೆ. ಇನ್ನು ಪೊದೆ, ಹುಲ್ಲಿನಲ್ಲಿರುವ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಇದೆ. ಅನುಮಾನ ಬಂದರೆ ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಶುರು ಮಾಡಬೇಕು. ತಡವಾದರೆ ಶ್ವಾಸಕೋಶ, ಕಿಡ್ನಿಗೆ ಹೊಡೆತ ಬೀಳುತ್ತದೆ. ಕೈಯಲ್ಲಿ ಇರುವುದು ಒಂದೇ ಭೇಟಿ ಅಂದಮೇಲೆ ವೈದ್ಯರು ಅದರಲ್ಲೇ ಔಷಧ ಕೊಟ್ಟು ಕಳಿಸುವುದು ನನಗೆ ತಪ್ಪು ಅನ್ನಿಸುವುದಿಲ್ಲ.

ವಿರೋಧ

ನಾನು ಯಾದಗಿರಿಯಲ್ಲಿ ಮೆಡಿಕಲ್ ಅಂಗಡಿಯ ಕೌಂಟರ್ ಹಿಂದೆ ನಿಲ್ಲುವವಳು. ಎಲ್ಲ ಚೀಟಿಗಳೂ ನನ್ನ ಕೈಗೇ ಬರುತ್ತವೆ. ನೆಗಡಿ ಇರಲಿ, ಭೇದಿ ಇರಲಿ, ಮೈಕೈ ನೋವಿರಲಿ, ಬರುವುದು ಹೆಚ್ಚುಕಡಿಮೆ ಒಂದೇ ಚೀಟಿ. ಸೆಫಿಕ್ಸಿಮ್ ಅನ್ನುವ ಆಂಟಿಬಯೋಟಿಕ್, ಒಂದು ನೋವಿನ ಗುಳಿಗೆ, ಒಂದು ಗ್ಯಾಸಿನ ಗುಳಿಗೆ. ಸೆಫಿಕ್ಸಿಮ್ 2014ರಿಂದ ಎಚ್1 ಪಟ್ಟಿಯಲ್ಲಿದೆ, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಯಲ್ಲಿ. ರೋಗಿಯ ಹೆಸರು, ವೈದ್ಯರ ಹೆಸರು, ಎಷ್ಟು ಕೊಟ್ಟೆ ಅನ್ನೋದನ್ನ ಬರೆದು ಆ ರಿಜಿಸ್ಟರ್ 3 ವರ್ಷ ಇಡಬೇಕು. ಮಳೆಗಾಲದಲ್ಲಿ ಪುಟ ತಿರುವಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಸ್ಕ್ರಬ್ ಟೈಫಸ್ ಭಯಕ್ಕೆ ಕೊಡುತ್ತಾರೆ ಅನ್ನೋಣ. ಆದರೆ ಸೆಫಿಕ್ಸಿಮ್ ಆ ರೋಗದ ಮೇಲೆ ಕೆಲಸವೇ ಮಾಡುವುದಿಲ್ಲ! ವೈರಲ್ ಜ್ವರದ ಮೇಲಂತೂ ಯಾವ ಆಂಟಿಬಯೋಟಿಕ್ಕೂ ಕೆಲಸ ಮಾಡುವುದಿಲ್ಲ. ರೋಗ ಗುರುತಿಸಿ ಕೊಟ್ಟರೆ ನನ್ನ ತಕರಾರಿಲ್ಲ. ಎಲ್ಲರಿಗೂ ಒಂದನ್ನೇ ಬರೆಯುವುದರ ಬಗ್ಗೆ ನನ್ನ ತಕರಾರು.

ಬಡತನದ ಮಾತು ನಿಜ. ಅದೇ ಬಡತನದಿಂದ ಐದು ದಿನದ ಕೋರ್ಸ್ ಎರಡು ದಿನದ್ದಾಗುತ್ತದೆ. "ನಾಕು ಗುಳಿಗಿ ಸಾಕ್ರೀ, ರೊಕ್ಕ ಇಲ್ಲ" ಅನ್ನುತ್ತಾರೆ. ಹೀಗೆ ಬೇಕಾಬಿಟ್ಟಿ ನುಂಗಿದ್ದರ ಫಲ ಕಣ್ಣ ಮುಂದೇ ಇದೆ. ಒಂದು ಕಾಲಕ್ಕೆ ಟೈಫಾಯ್ಡ್‌ಗೆ ಸಿಪ್ರೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ಅಂದರೆ ರಾಮಬಾಣ. ಈಗ ರೋಗಾಣುಗಳು ಅದಕ್ಕೆ ಜಗ್ಗುವುದಿಲ್ಲ, ನಮ್ಮ ದೇಶದಲ್ಲಿ ಅದನ್ನು ನಂಬುವ ಹಾಗಿಲ್ಲ. ವೈಡಾಲ್ ಅನ್ನುವ ಒಂದೇ ಒಂದು ರಕ್ತ ಪರೀಕ್ಷೆ ನೋಡಿ ಟೈಫಾಯ್ಡ್ ಅನ್ನುವುದೂ ನಿಲ್ಲಬೇಕು. ಹಿಂದೆ ಟೈಫಾಯ್ಡ್ ಬಂದುಹೋದವರಲ್ಲೂ ಅದು ಪಾಸಿಟಿವ್ ತೋರಿಸಬಹುದು.

ಮತ್ತೆ ಬರಲಾರದವರಿಗೆ ಮೂರನೇ ದಿನ ಒಂದು ಫೋನ್ ಮಾಡಿ ಕೇಳಬಹುದಲ್ವಾ? ಈಗ ಮನೆಗೊಂದು ಫೋನ್ ಇದೆ.

ಕಳೆದ ಆಷಾಢದಲ್ಲಿ ಒಬ್ಬ ತಾಯಿ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಬಂದಳು. ನೀರುಭೇದಿ, ರಕ್ತ ಇಲ್ಲ, ಜ್ವರ ಇಲ್ಲ. ಚೀಟಿಯಲ್ಲಿ ಆಂಟಿಬಯೋಟಿಕ್ ಇತ್ತು, ಓಆರ್‌ಎಸ್ ಇರಲಿಲ್ಲ. ಇಂಥ ಭೇದಿಗೆ ಬೇಕಾದದ್ದು ಓಆರ್‌ಎಸ್ ಮತ್ತು 14 ದಿನ ಜಿಂಕ್. ವೈದ್ಯರಿಗೆ ಫೋನ್ ಮಾಡಿ ಕೇಳಿದೆ. ಅವರು ಒಪ್ಪಿದರು. ಪುಡಿಯನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಕಲಸುವುದನ್ನು ಅವಳಿಗೆ ಎರಡು ಸಲ ಹೇಳಿದೆ. ಅವಳು ಪೊಟ್ಟಣ ತಿರುಗಿಸಿ ನೋಡುತ್ತಾ, "ಇಷ್ಟೇನಾ? ಸೂಜಿ ಬ್ಯಾಡೇನ್ರೀ?" ಅಂತ ಕೇಳಿದಳು.