ಸ್ವಲ್ಪ ಅವಮಾನ ಮಾಡಿ, ಪರವಾಗಿಲ್ಲ

ಆ ಪೋಸ್ಟರ್ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ, ಬಿಡಿ. ರಾಜ್ಯೋತ್ಸವ ಹತ್ತಿರವಾಯಿತೆಂದರೆ ಅದು ಬರಲೇಬೇಕು. ಹಳದಿ-ಕೆಂಪು ಹಿನ್ನೆಲೆ, ಮೇಲೆ ಭುವನೇಶ್ವರಿ, ಕೆಳಗೆ ಯಾವುದೋ ಸಂಘದ ಪದಾಧಿಕಾರಿಗಳ ಹದಿನಾಲ್ಕು ಫೋಟೋ. ಅಷ್ಟೂ ಆದ ಮೇಲೆ ಉಳಿದ ಜಾಗದಲ್ಲಿ ವಿಷಯ. ಕಲಾವಿದರಿಗೆ ಮುಕ್ತ ವೇದಿಕೆಯಂತೆ. ನಿಮ್ಮ ಕಲೆಯನ್ನು ಜನರೊಂದಿಗೆ ಹಂಚಿಕೊಳ್ಳಬೇಕಂತೆ. ಬಂದವರಿಗೆಲ್ಲ ಶಾಲು, ಹಾರ, ಮೈಸೂರು ಪೇಟ, ಸ್ಮರಣಿಕೆ, ಪ್ರಮಾಣಪತ್ರ. ಕೊನೆಗೆ ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವಂತೆ: ನೋಂದಣಿ ಶುಲ್ಕ 600 ರೂಪಾಯಿ.

ಅಂದರೆ ಹಣದ ಮಾತೇ ಇಲ್ಲ ಅಂತಲ್ಲ. ಇದೆ. ಅದು ಒಂದೇ ದಿಕ್ಕಿಗೆ ಹರಿಯುತ್ತದೆ, ಅಷ್ಟೆ.

ನಮ್ಮ ಬೀದಿಯ ತಬಲಾ ಮೇಷ್ಟ್ರಿಗೆ ಪೋಸ್ಟರ್ ಬರಲಿಲ್ಲ, ನೇರವಾಗಿ ಫೋನೇ ಬಂತು. ಹಿರಿಯರಲ್ವಾ, ಅದಕ್ಕೆ ಶುಲ್ಕ ಮಾಫಿ. ನಾನು ಅವರ ಮನೆಯಲ್ಲೇ ಕಾಫಿ ಕುಡಿಯುತ್ತಿದ್ದೆ. ಮೇಷ್ಟ್ರು ಫೋನನ್ನು ಯಾವಾಗಲೂ ಸ್ಪೀಕರಿನಲ್ಲೇ ಇಟ್ಟು ಮಾತಾಡುವವರು. ಹಾಗಾಗಿ ನನಗೂ ಆ ಭಾಗ್ಯ ಸಿಕ್ಕಿತು.

"ಮೇಷ್ಟ್ರೇ, ಸಂಭಾವನೆ ಅಂತ ಏನೂ ಇಟ್ಕೊಂಡಿಲ್ಲ. ನಿಮ್ಮಂಥೋರಿಗೆ ದುಡ್ಡು ಕೊಟ್ಟು ಅವಮಾನ ಮಾಡೋಕೆ ನಮಗೆ ಮನಸ್ಸಿಲ್ಲ."

ಮೇಷ್ಟ್ರು ತಾಳದ ಒಂದು ಸುತ್ತು, ಅಂದರೆ ಒಂದು ಆವರ್ತನದಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ, "ಸ್ವಲ್ಪ ಅವಮಾನ ಮಾಡಿ, ಪರವಾಗಿಲ್ಲ. ತಡ್ಕೊತೀನಿ" ಎಂದರು.

ಆ ಕಡೆಯವನು ಜೋರಾಗಿ ನಕ್ಕ. ಜೋಕು ಅಂದುಕೊಂಡ, ಪಾಪ.

ಎಂಥ ದೊಡ್ಡ ಮನಸ್ಸು ನೋಡಿ. ಆ ಒಂದು ಸಂಜೆಗೆ ಸಂಘದವರು ಯಾರ್ಯಾರಿಗೆ ಅವಮಾನ ಮಾಡಿದರು ಎಂದು ನಾನು ಆಮೇಲೆ ವಿಚಾರಿಸಿದೆ. ಶಾಮಿಯಾನದವನಿಗೆ ಅಡ್ವಾನ್ಸ್ ಕೊಟ್ಟು ಅವಮಾನ ಮಾಡಿದ್ದರು. ಮೈಕ್ ಸೆಟ್ಟಿನವನಿಗೆ ಪೂರ್ತಿ ಮೊತ್ತ ಎಣಿಸಿ ಅವಮಾನ. ಫ್ಲೆಕ್ಸ್ ಪ್ರಿಂಟ್ ಮಾಡಿದವನಿಗೆ, ಕುರ್ಚಿ ಬಾಡಿಗೆಯವನಿಗೆ, ಪಲಾವ್ ಮಾಡಿದ ಅಡುಗೆಯವರಿಗೆ, ಎಲ್ಲರಿಗೂ ಒಬ್ಬರನ್ನೂ ಬಿಡದೆ ಅವಮಾನ. ಜನರೇಟರಿನವನಿಗಂತೂ ಡೀಸೆಲ್ ಸಮೇತ. ಇಡೀ ಮೈದಾನದಲ್ಲಿ ಮಾನ ಉಳಿಸಿಕೊಂಡದ್ದು ತಬಲಾ ಮೇಷ್ಟ್ರು, ಒಬ್ಬ ಹಾಡುಗಾರ್ತಿ, ಡೊಳ್ಳಿನ ತಂಡದ ಹನ್ನೆರಡು ಹುಡುಗರು. ಇಷ್ಟೇ ಜನ.

ಶಾಮಿಯಾನದವನ ಹತ್ತಿರ ಹೋಗಿ "ಅಣ್ಣಾ, ನಿನ್ನ ಬಟ್ಟೆಯನ್ನು ಜನರೊಂದಿಗೆ ಹಂಚಿಕೋ, ನಿನಗೊಂದು ಒಳ್ಳೆ ವೇದಿಕೆ ಸಿಗುತ್ತೆ" ಎಂದು ಯಾರಾದರೂ ಹೇಳಿ ನೋಡಲಿ. ಅವನು ವೇದಿಕೆಯನ್ನೂ ಬಿಚ್ಚಿಕೊಂಡು ಹೋಗುತ್ತಾನೆ. ಅದೂ ಅವನದೇ ತಾನೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ಹಿರಿಯರು ಹೇಳಿದ್ದು ಶೋಕಿ ಮಾಡುವವರಿಗೆ. ಈಗ ಆ ಹೂವನ್ನು ನಾವೇ ತಂದು ಬಲವಂತವಾಗಿ ಮುಡಿಸುತ್ತೇವೆ. ಮೇಲೆ ಪೇಟ ಬೇರೆ ಇಡುತ್ತೇವೆ. ಹೂವೂ ಕಾಣುವುದಿಲ್ಲ, ಜುಟ್ಟೂ ಕಾಣುವುದಿಲ್ಲ.

ಶಾಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಒಬ್ಬರಿಗೆ ಹೊದಿಸಿದ ಶಾಲು ಊರೆಲ್ಲ ಸುತ್ತಿ ಅವರ ಮನೆಗೇ ವಾಪಸ್ ಬಂತು ಅನ್ನುವ ಜೋಕು ಹಳೆಯದು, ಹೇಳುವುದಿಲ್ಲ. ನನ್ನ ಪ್ರಶ್ನೆ ಬೇರೆ. ಇದು ಯಾವ ಜಾತಿಯ ಬಟ್ಟೆ? ಚಳಿಗೆ ಹೊದ್ದರೆ ಬೆಚ್ಚಗಾಗುವುದಿಲ್ಲ. ಬೇಸಿಗೆಯಲ್ಲಿ ಮೈಗೆ ತಗುಲಿದರೆ ಬೆವರು ಕಿತ್ತು ಬರುತ್ತದೆ. ಮೈ ಒರೆಸಿಕೊಂಡರೆ ನೀರು ಹೀರುವುದಿಲ್ಲ, ಜರಿ ಮಾತ್ರ ಗೀರುತ್ತದೆ. ಒರೆಸುವ ಬಟ್ಟೆಯೂ ಆಗುವುದಿಲ್ಲ. ಮೇಷ್ಟ್ರ ಮನೆಯಲ್ಲಿ ಮಿಕ್ಸಿಗೆ ಒಂದು, ವಾಷಿಂಗ್ ಮೆಷೀನಿಗೆ ಒಂದು, ಹಳೆ ಹಾರ್ಮೋನಿಯಮ್ಮಿಗೆ ಒಂದು ಹೊದಿಸಿದ್ದಾರೆ. ಸದ್ಯಕ್ಕೆ ನಮ್ಮ ಬೀದಿಯಲ್ಲಿ ಅತಿ ಹೆಚ್ಚು ಸನ್ಮಾನ ಪಡೆದ ಮಿಕ್ಸಿ ಅದೇ.

2021ರ ಆಗಸ್ಟಿನಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ಹೊಸತರಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಯಾವುದೂ ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಆದೇಶವಾಯಿತು. 2023ರ ಮೇ ತಿಂಗಳಲ್ಲಿ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾದ ಕೂಡಲೇ, ನನಗೆ ಹೂವು-ಶಾಲು ತರಬೇಡಿ, ಪುಸ್ತಕ ತನ್ನಿ ಎಂದರು. ಎರಡು ಪಕ್ಷದವರು ಜಗಳವಿಲ್ಲದೆ ಒಪ್ಪಿದ ವಿಷಯ ಬಹುಶಃ ಇದೊಂದೇ. ಇಬ್ಬರು ಮುಖ್ಯಮಂತ್ರಿಗಳು ಕೈಮುಗಿದು ಬೇಡವೆಂದ ವಸ್ತುವನ್ನು ನಾವು ಕಲಾವಿದರಿಗೆ ಸಂಬಳವಾಗಿ ಕೊಡುತ್ತಿದ್ದೇವೆ! ಅವರಾದರೆ ಬೇಡ ಅನ್ನಬಹುದು, ತಿಂಗಳಾದರೆ ದುಡ್ಡು ಬರುತ್ತದೆ. ಮೇಷ್ಟ್ರು ಬೇಡ ಅಂದರೆ "ಏನ್ ಸಾರ್ ಅಹಂಕಾರ" ಅನ್ನುತ್ತಾರೆ.

ಇನ್ನೊಂದು ತಮಾಷೆ ಇದೆ. ನಮ್ಮ ಜಿಎಸ್‌ಟಿ ಕಾಯ್ದೆಯ 7ನೇ ಕಲಂ ಪ್ರಕಾರ ವ್ಯಾಪಾರದಲ್ಲಿ ವಸ್ತುವಿಗೆ ವಸ್ತು ಬದಲಾಯಿಸಿಕೊಂಡರೂ ಅದು ವ್ಯವಹಾರವೇ. ಸೇವೆ ಕೊಡುವವರು ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು. ಒಂದು ಶಾಲಿಗೆ 150 ರೂಪಾಯಿ ಅಂದುಕೊಳ್ಳಿ. 13,333 ಶಾಲು ಬರುವವರೆಗೆ ಮೇಷ್ಟ್ರಿಗೆ ಚಿಂತೆಯಿಲ್ಲ. 13,334ನೆಯದು ಬಂದ ದಿನ ಹುಷಾರಾಗಿರಬೇಕು.

ಹಾಗಾದರೆ ದುಡ್ಡಿಲ್ಲದೆ ಕಲೆ ಹಂಚಿಕೊಳ್ಳುವುದೇ ತಪ್ಪಾ ಎಂದು ನೀವು ಕೇಳಬಹುದು. ಯಾರು ಹೇಳಿದ್ದು? 1933ರಲ್ಲಿ ಅಮೆರಿಕದ ವರ್ಜೀನಿಯಾದ ಆಬಿಂಗ್ಡನ್ ಎಂಬ ಸಣ್ಣ ಊರಿನಲ್ಲಿ ರಾಬರ್ಟ್ ಪೋರ್ಟರ್‌ಫೀಲ್ಡ್ ಎಂಬ ನಟ ಒಂದು ನಾಟಕ ಕಂಪನಿ ಶುರು ಮಾಡಿದ. ಆರ್ಥಿಕ ಮಹಾಕುಸಿತದ ಕಾಲ. ನ್ಯೂಯಾರ್ಕಿನ ನಟರಿಗೆ ಕೆಲಸವಿಲ್ಲ, ಊಟವಿಲ್ಲ. ಇವನ ಊರಿನ ರೈತರ ಹತ್ತಿರ ಬೆಳೆ ಇದೆ, ಕೊಳ್ಳುವವರಿಲ್ಲ. ಎರಡನ್ನೂ ಜೋಡಿಸಿದ. ಟಿಕೆಟ್ 40 ಸೆಂಟ್. ದುಡ್ಡಿಲ್ಲವಾ? ಅಷ್ಟು ಬೆಲೆಯ ತರಕಾರಿ ತನ್ನಿ, ಹಾಲು ತನ್ನಿ, ಕೋಳಿ ತನ್ನಿ, ಹಂದಿಯಾದರೂ ಸರಿ. ಹೆಸರೇ ಬಾರ್ಟರ್ ಥಿಯೇಟರ್, ಬಾರ್ಟರ್ ಅಂದರೆ ವಸ್ತು ವಿನಿಮಯ. ಮೊದಲ ಸೀಸನ್ ಮುಗಿದಾಗ ಲಾಭ ಅಂತ ಉಳಿದದ್ದು 4 ಡಾಲರ್ 35 ಸೆಂಟ್. ಆದರೆ ತಂಡದವರ ಮೈತೂಕ ಎಲ್ಲ ಸೇರಿ 300 ಪೌಂಡ್ ಜಾಸ್ತಿಯಾಗಿತ್ತು!

ನಾಟಕ ಬರೆದುಕೊಟ್ಟವರಿಗೂ ಅವರು ದುಡ್ಡು ಕಳಿಸುತ್ತಿರಲಿಲ್ಲ. ಒಂದು ಹ್ಯಾಮ್, ಅಂದರೆ ಒಣಗಿಸಿಟ್ಟ ಹಂದಿಯ ತೊಡೆ ಕಳಿಸುತ್ತಿದ್ದರು. ನಾಟಕಕಾರ ಬರ್ನಾರ್ಡ್ ಷಾ ಪಕ್ಕಾ ಸಸ್ಯಾಹಾರಿ. ಅವರಿಗೆ ಹ್ಯಾಮ್ ಬದಲು ಪಾಲಕ್ ಸೊಪ್ಪು ಹೋಯಿತು. ಇದನ್ನು ಓದಿದಾಗ ನನಗೆ ಕಣ್ಣು ಒದ್ದೆಯಾಯಿತು, ಸುಮ್ನೆ ಹೇಳುತ್ತಿಲ್ಲ. ಬರೆದವನು ಏನು ತಿನ್ನುತ್ತಾನೆ ಎಂದು ಯೋಚಿಸಿದ್ದಾರಲ್ಲ! ನನಗೆ ಇಷ್ಟು ವರ್ಷದಲ್ಲಿ 'ಗೌರವ ಪ್ರತಿ' ಕೊಟ್ಟವರಲ್ಲಿ ಒಬ್ಬರೂ, ಸಾರ್, ನಿಮಗೆ ಹೀರೇಕಾಯಿ ಆಗುತ್ತಾ ಎಂದು ಕೇಳಿಲ್ಲ. (ಈ ಅಂಕಣಕ್ಕೆ ನನಗೇನು ಸಿಗುತ್ತದೆ ಎಂದು ದಯವಿಟ್ಟು ಕೇಳಬೇಡಿ. ಮನೆಯಲ್ಲಿ ಈಗಾಗಲೇ ಕೇಳಿದ್ದಾರೆ.)

ಅಷ್ಟು ದೂರ ಯಾಕೆ? ನಮ್ಮ ಅಜ್ಜನ ಊರು ಬೆಳಗಾವಿ ಕಡೆ. ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಬೆಳಗಿನ ಜಾವ, ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ. ನಮ್ಮ ಮನೆತನದ ಏಳೆಂಟು ತಲೆಮಾರಿನ ಹೆಸರು ಬಾಯಲ್ಲಿ. ಯಾರಿಗೆ ಯಾರು ಹುಟ್ಟಿದರು, ಯಾರು ಯಾವ ಊರಿಂದ ಹೆಣ್ಣು ತಂದರು, ಯಾರು ಬರಗಾಲದಲ್ಲಿ ಊರು ಬಿಟ್ಟರು, ಎಲ್ಲ ರಾಗವಾಗಿ. ಹೇಳಿ ಮುಗಿಸಿದ ಮೇಲೆ ಅಜ್ಜಿ ಮೊರದಲ್ಲಿ ಜೋಳ ತರುತ್ತಿದ್ದಳು. ಒಂದು ಸಲ ಅಳತೆ ಸ್ವಲ್ಪ ಕೈ ಹಿಡಿದಿರಬೇಕು. ಹೆಳವ ಎತ್ತಿನಿಂದ ಇಳಿಯಲೇ ಇಲ್ಲ.

"ಏನವ್ವಾ, ಎಂಟ್ ತಲಿ ಹೆಸರ್ ಹೇಳೀನಿ, ನಾಕ್ ತಲಿದಷ್ಟ ಜ್ವಾಳ ಹಾಕ್ತಿಯಲ್ಲ. ಉಳದ ನಾಕ್ ಮಂದೀನ ವಾಪಸ್ ಒಯ್ಯಲೇನು?"

ಅಜ್ಜಿ ನಗುತ್ತ ಒಳಗೆ ಹೋಗಿ ಇನ್ನೊಂದು ಮೊರ ತಂದಳು. ಸತ್ತ ಹಿರಿಯರನ್ನು ವಾಪಸ್ ಕಳಿಸಲು ಯಾರಿಗೆ ಧೈರ್ಯ? ದುಡ್ಡು ಒಂದು ಪೈಸೆಯೂ ಅಲ್ಲಿ ಕೈ ಬದಲಾಗಲಿಲ್ಲ. ಆದರೆ ಲೆಕ್ಕ ಪಕ್ಕಾ ಇತ್ತು. ಅಜ್ಜಿ ತಾನು ತಿನ್ನುವ ಜೋಳವನ್ನೇ ಅವನಿಗೂ ಅಳೆದಳು. ತನಗೆ ಬೇಡವಾದದ್ದನ್ನು ಕೊಡಲಿಲ್ಲ. ಇದಕ್ಕೆ ಯಾರೂ 'ಗೌರವ' ಎಂದು ಹೆಸರಿಟ್ಟಿರಲಿಲ್ಲ.

ಕರಾವಳಿಯಲ್ಲಿ ಹರಕೆಯಾಟ ನೋಡಿ. ರಾತ್ರಿಯಿಡೀ ಯಕ್ಷಗಾನ, ಊರಿಗೆಲ್ಲ ಪುಕ್ಕಟೆ. ಆದರೆ ಹರಕೆ ಹೊತ್ತು ಆಡಿಸುವವನು ಮೇಳಕ್ಕೆ, ಅಂದರೆ ತಂಡಕ್ಕೆ, ದುಡ್ಡು ಕಟ್ಟಿರುತ್ತಾನೆ. ಕಟೀಲು ಮೇಳದ ಆಟಕ್ಕೆ ವರ್ಷಗಟ್ಟಲೆ ಕಾಯುವ ಜನ ಇದ್ದಾರೆ. ನೋಡುವವನಿಗೆ ಪುಕ್ಕಟೆ ಆದರೆ ಕುಣಿಯುವವನಿಗೂ ಪುಕ್ಕಟೆಯಾಗಬೇಕು ಎಂಬ ಕಾನೂನು ಎಲ್ಲಿಂದ ಬಂತೋ ಗೊತ್ತಿಲ್ಲ.

ಮೆಕ್ಸಿಕೋದವರು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ 1957ರಿಂದ ಚಿತ್ರ ಕಲಾವಿದರು ಆದಾಯ ತೆರಿಗೆಯನ್ನು ಚಿತ್ರದಲ್ಲೇ ಕಟ್ಟಬಹುದು. ಸಿಕೇರೋಸ್ ಎಂಬ ದೊಡ್ಡ ಭಿತ್ತಿಚಿತ್ರ ಕಲಾವಿದ ಸರ್ಕಾರದ ಜೊತೆ ಮಾತಾಡಿ ಇದಕ್ಕೆ ದಾರಿ ಮಾಡಿದ ಎನ್ನುತ್ತಾರೆ. ವರ್ಷಕ್ಕೆ ಐದರವರೆಗೆ ಕೃತಿ ಮಾರಿದ್ದರೆ ಒಂದು ಸರ್ಕಾರಕ್ಕೆ. ಜಾಸ್ತಿ ಮಾರಿದರೆ ಜಾಸ್ತಿ. ಆ ಚಿತ್ರಗಳು ಮ್ಯೂಸಿಯಮ್ಮುಗಳಿಗೆ ಹೋಗುತ್ತವೆ, ಜನ ನೋಡುತ್ತಾರೆ.

ಇದನ್ನು ಹೇಳಿದಾಗ ಮೇಷ್ಟ್ರ ಮುಖದಲ್ಲಿ ಬೆಳಕು ಬಂತು. ಹಾಗಾದರೆ ಕರೆಂಟ್ ಬಿಲ್ಲಿನ ಕೌಂಟರಿನಲ್ಲಿ ತೀನ್‌ತಾಲ್ ಎಂಬ ತಾಳ ಒಂದನ್ನು ಬಾರಿಸಿದರೆ ನಡೆಯುತ್ತಾ? ನಾನು ಯೋಚಿಸಿದೆ. ಬಿಲ್ 1,140 ರೂಪಾಯಿ ಬಂದರೆ ಎಷ್ಟು ಆವರ್ತನ? ಚಿಲ್ಲರೆ ವಾಪಸ್ ಹೇಗೆ ಕೊಡುತ್ತಾರೆ, ತಾಳದಲ್ಲಿ ಎರಡು ಮಾತ್ರೆ ಕಮ್ಮಿ ಮಾಡಿಯಾ? ಡ್ಯೂ ಡೇಟ್ ದಾಟಿದರೆ ದಂಡಕ್ಕೆ, ಮೂರು ಸಲ ಬಾರಿಸಿ ಮುಗಿಸುವ ಒಂದು ತಿಹಾಯಿ? ಹಿಂದಿನ ಕ್ಯೂನಲ್ಲಿ ನಿಂತವರು "ಸಾರ್, ದ್ರುತ್‌ನಲ್ಲಿ ಹೋಗಿ, ಆಫೀಸಿಗೆ ಲೇಟಾಯ್ತು" ಅನ್ನುತ್ತಾರೆ. ನಮ್ಮ ಸಂಘಟಕರು ಈ ಯೋಜನೆಗೆ ಮೊದಲು ಒಪ್ಪಬೇಕು. ಶಾಲು ಸಂಬಳವಾದರೆ ಶಾಲು ಬಾಡಿಗೆಯೂ ಆಗಲಿ, ಶಾಲು ಸ್ಕೂಲ್ ಫೀಸೂ ಆಗಲಿ, ಪೆಟ್ರೋಲ್ ಬಂಕಿನಲ್ಲಿ ಎರಡು ಸ್ಮರಣಿಕೆಗೆ ಒಂದು ಲೀಟರ್ ಹಾಕಲಿ. ಸ್ಮರಣಿಕೆಯ ಮೇಲೆ ಹೆಸರು ತಪ್ಪಾಗಿದ್ದರೂ ಪರವಾಗಿಲ್ಲ. ಹೇಗೂ ಸಂಘದ ಹೆಸರು ದಪ್ಪಗೆ, ಸರಿಯಾಗಿಯೇ ಇರುತ್ತದೆ.

ನಗು ಸಾಕು ಅನ್ನಿಸುತ್ತದೆ ಒಮ್ಮೊಮ್ಮೆ. 2020ರ ಮಾರ್ಚಿನಲ್ಲಿ ಎಲ್ಲ ಮುಚ್ಚಿದಾಗ ಮೇಷ್ಟ್ರ ಪಾಠವೂ ನಿಂತಿತು, ಕಛೇರಿಯೂ ನಿಂತಿತು. ಮರುವರ್ಷದ ಲಾಕ್‌ಡೌನಿನಲ್ಲಿ ಸರ್ಕಾರ ಕಲಾವಿದರಿಗೆ ತಲಾ 3 ಸಾವಿರ ರೂಪಾಯಿ ಘೋಷಿಸಿತು. ಕಮ್ಮಿಯೇ, ಆದರೆ ದುಡ್ಡು. ಮೂವತ್ತು ವರ್ಷ ಶಾಲು ಹೊದಿಸಿದ ಸಂಘಗಳಲ್ಲಿ ಒಂದಾದರೂ ಫೋನ್ ಮಾಡಿ ಅಕ್ಕಿ ಇದೆಯಾ ಎಂದು ಕೇಳಲಿಲ್ಲ. ಒಂದೂ ಇಲ್ಲ. ಆನ್‌ಲೈನ್ ಕಾರ್ಯಕ್ರಮ ಕೊಡ್ತೀರಾ ಎಂದು ಕೇಳಲು ಮಾತ್ರ ಮೂವರು ಮಾಡಿದ್ದರು. ಉಚಿತವಾಗಿ. ಜನರ ಮನಸ್ಸಿಗೆ ಧೈರ್ಯ ತುಂಬಬೇಕಂತೆ. ಆ ವರ್ಷ ಮೇಷ್ಟ್ರು ಒಂದು ಜೋಡಿ ತಬಲಾ ಮಾರಿದರು. ಅದಕ್ಕೆ ಎಷ್ಟು ಬಂತು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಈಗ ಇರುವ ಒಂದೇ ಜೋಡಿಯ ಕರಣೆ, ಅಂದರೆ ನಡುವಿನ ಕಪ್ಪು ಲೇಪ, ಎದ್ದಿದೆ. ರಿಪೇರಿಯವನೂ ಕಲಾವಿದನೇ. ಅವನ ಮನೆಯಲ್ಲೂ ಶಾಲು ತುಂಬಿವೆ. ಅವನು ಕ್ಯಾಶ್ ಕೇಳುತ್ತಾನೆ.

ಕಾರ್ಯಕ್ರಮಕ್ಕೆ ಮೇಷ್ಟ್ರು ಹೋದರಾ? ಹೋದರು. ಯಾಕೆ ಹೋದಿರಿ ಅಂದರೆ "ಕೈ ತುರಿಸುತ್ತೆ ಕಣಯ್ಯಾ" ಎಂದರು. ಈ ತುರಿಕೆಯೇ ಸಂಘಟಕರ ಬಂಡವಾಳ. ನಾನೂ ಜೊತೆಗೆ ಹೋದೆ, ತಬಲಾ ಹೊರಲು. ಆರಕ್ಕೆ ಶುರು ಅಂದದ್ದು ಎಂಟಾಯಿತು. ಅಧ್ಯಕ್ಷರು ಮೂವತ್ತೈದು ನಿಮಿಷ ಕಲೆಗೆ ಬೆಲೆ ಕಟ್ಟಲಾಗದು ಎಂದು ಮಾತಾಡಿದರು. ಮೇಷ್ಟ್ರಿಗೆ ಉಳಿದದ್ದು ಹನ್ನೆರಡು ನಿಮಿಷ. ಅಷ್ಟರಲ್ಲೇ, ಎದ್ದ ಕರಣೆಯಲ್ಲೇ, ಅವರು ಬಾರಿಸಿದ್ದನ್ನು ಕೇಳಿ ಪಲಾವಿನ ಸಾಲಿನಲ್ಲಿ ನಿಂತಿದ್ದ ನಾಲ್ಕು ಜನ ತಟ್ಟೆ ಹಿಡಿದುಕೊಂಡೇ ವಾಪಸ್ ಬಂದು ನಿಂತರು. ಆಮೇಲೆ ಶಾಲು, ಹಾರ, ತಲೆಗೆ ಪೇಟ, ಕೈಗೆ ಹಣ್ಣಿನ ಬುಟ್ಟಿ. ಬುಟ್ಟಿಯ ಮೇಲ್ಪದರದಲ್ಲಿ ಎರಡು ಸೇಬು, ನಾಲ್ಕು ಮೂಸಂಬಿ. ಕೆಳಗೆಲ್ಲ ಮುದುರಿದ ನ್ಯೂಸ್‌ಪೇಪರ್. ವಾಪಸ್ ಆಟೋಗೆ 220 ರೂಪಾಯಿ ಆಯಿತು. ಮೂಸಂಬಿ ಕೊಡಲಾ ಎಂದು ಕೇಳಬೇಕು ಅನ್ನಿಸಿತು, ಆಟೋದವನ ಮುಖ ನೋಡಿ ಸುಮ್ಮನಾದೆ.

ಮೂರನೇ ದಿನ ಮೇಷ್ಟ್ರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಅದೇ ದನಿಯ ಫೋನ್ ಬಂತು. ಸ್ಪೀಕರಿನಲ್ಲೇ.

"ಮೇಷ್ಟ್ರೇ, ಪ್ರೋಗ್ರಾಮ್ ಸೂಪರ್ ಆಗಿತ್ತು. ಎಲ್ರೂ ನಿಮ್ ಬಗ್ಗೇನೇ ಮಾತು. ಒಂದು ಸಣ್ಣ ವಿಷ್ಯ ಇತ್ತು. ಆ ಪೇಟ ನಿಮ್ ಹತ್ರನೇ ಉಳ್ಕೊಂಡಿದೆ ಅನ್ಸುತ್ತೆ. ಸ್ವಲ್ಪ ಕಳಿಸ್ಕೊಡ್ತೀರಾ? ಅದು ಬಾಡಿಗೇದು. ದಿನದ ಲೆಕ್ಕದಲ್ಲಿ ದುಡ್ಡು ಕೊಡ್ತಾ ಇದೀವಿ."