ಬೋಳುತಲೆಗೂ ಐರ್ಲೆಂಡಿಗೂ ಗಂಟು

ನಮ್ಮಮ್ಮ ಐರ್ಲೆಂಡಿನ ಕ್ಲೇರ್ ಕೌಂಟಿಯವರು. ಅಪ್ಪ ಮೇಲುಕೋಟೆ ಅಯ್ಯಂಗಾರ್. ಇಂಥ ಜೋಡಿಗೆ ಹುಟ್ಟಿದವನು ಕೆಂಚುಗೂದಲೋ ನೀಲಿ ಕಣ್ಣೋ ಏನಾದರೂ ತರಬೇಕಿತ್ತಲ್ವಾ? ನನ್ನ ಬಣ್ಣ, ಕಣ್ಣು, ಮೂಗು ಎಲ್ಲ ಅಪ್ಪನದೇ. ಅಮ್ಮನ ಕಡೆಯಿಂದ ಬಂದದ್ದು ಬೊಕ್ಕತಲೆ ಒಂದೇ.

ಮೂವತ್ತು ದಾಟುವ ಮೊದಲೇ ಹಣೆ ಹಿಂದಕ್ಕೆ ಹೊರಟಿತು. ಅಜ್ಜಿ ಗರುಗದ ಸೊಪ್ಪು ಹಾಕಿ ಎಣ್ಣೆ ಕಾಯಿಸಿ ತಿಕ್ಕಿದರು. ದಿಂಬು ಹಸಿರಾಯಿತೇ ಹೊರತು ತಲೆ ಚಿಗುರಲಿಲ್ಲ. "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ ಕಣೋ" ಎಂದು ಅಮ್ಮನ ಕಡೆ ನೋಡಿದರು. ಅಪ್ಪನಿಗೆ ಈಗಲೂ ಬಾಚಣಿಗೆಯ ಹಲ್ಲು ಮುರಿಯುವಷ್ಟು ಕೂದಲು.

ಅಜ್ಜಿಯ ಆರೋಪದಲ್ಲಿ ಹುರುಳಿಲ್ಲದೆ ಇಲ್ಲ. ಗಂಡಸರ ಬೋಳಿಗೆ ಕಾರಣವಾದ ಒಂದು ಮುಖ್ಯ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಮಗನಿಗೆ ಅದು ತಾಯಿಯಿಂದ ಮಾತ್ರ ಬರುತ್ತದೆ. ಆದರೆ 2017ರಲ್ಲಿ 52,000ಕ್ಕೂ ಹೆಚ್ಚು ಬ್ರಿಟಿಷ್ ಗಂಡಸರ ಡಿಎನ್ಎ ಜಾಲಾಡಿದವರಿಗೆ ಬೋಳಿನ ನಂಟಿರುವ 287 ಜಾಗಗಳು ಸಿಕ್ಕವು. ಅಂದರೆ ಅಪ್ಪನ ಕಡೆಯವರೂ ಗುಟ್ಟಾಗಿ ಕೈಜೋಡಿಸಿರಬಹುದು. ಇದನ್ನು ಅಜ್ಜಿಗೆ ಹೇಳುವ ಧೈರ್ಯ ನನಗಿಲ್ಲ.

ಆ ದಿನಗಳಲ್ಲಿ ನಾನು ಎಡಗಿವಿಯ ಮೇಲಿನ ಕೂದಲನ್ನು ಉದ್ದ ಬಿಟ್ಟು, ನೆತ್ತಿಯ ಮೇಲಿಂದ ಬಲಗಿವಿಗೆ ಹಾಯಿಸಿ, ಜೆಲ್ ಹಚ್ಚಿ ಅಂಟಿಸುತ್ತಿದ್ದೆ. ಅದೇ ವೇಷದಲ್ಲಿ ಅಮ್ಮನ ಊರಿಗೆ ಹೋದೆ. ಸೋದರಮಾವಂದಿರು ಮೊಹರ್ ಬಂಡೆಗಳನ್ನು ತೋರಿಸಲು ಕರೆದುಕೊಂಡು ಹೋದರು. ಅತಿ ಎತ್ತರದ ಕಡೆ 214 ಮೀಟರ್, ಎದುರಿಗೆ ಇಡೀ ಅಟ್ಲಾಂಟಿಕ್. ಗಾಳಿ ಬೀಸಿದ್ದೇ ತಡ, ಅಂಟಿಸಿದ್ದೆಲ್ಲ ಒಂದೇ ಹಾಳೆಯಾಗಿ ಮೇಲೆದ್ದು, ಡಬ್ಬಿಯ ಮುಚ್ಚಳದ ಹಾಗೆ ಎಡಗಿವಿಗೆ ಜೋತುಬಿತ್ತು. ಫೋಟೊ ತೆಗೆಯುತ್ತಿದ್ದ ಯಾರೋ ಹುಡುಗಿ ಸಮುದ್ರ ಬಿಟ್ಟು ನನ್ನತ್ತ ಫೋನ್ ತಿರುಗಿಸಿದಳು. ಮಾವಂದಿರು ಒಬ್ಬೊಬ್ಬರಾಗಿ ಟ್ವೀಡ್ ಟೋಪಿ ತೆಗೆದರು. ಎಲ್ಲವೂ ಮಿರಮಿರ ಮಿಂಚುವ ತಲೆಗಳೇ!

ಸಂಜೆ ದೊಡ್ಡ ಮಾವ ಅಡುಗೆಮನೆಯ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಪಾತ್ರೆ ಒರೆಸುವ ಬಟ್ಟೆಯನ್ನೇ ಹೆಗಲಿಗೆ ಹೊದಿಸಿ, ಟ್ರಿಮ್ಮರ್ ಹಿಡಿದರು. ಜೊತೆಗೆ ಚರಿತ್ರೆ ಪಾಠ ಫ್ರೀ. ಹಳೆಯ ಐರಿಷ್ ಸನ್ಯಾಸಿಗಳು ಕಿವಿಯಿಂದ ಕಿವಿಗೆ ಗೆರೆ ಎಳೆದು ಮುಂದಲೆ ಬೋಳಿಸುತ್ತಿದ್ದರಂತೆ. ರೋಮಿನವರದ್ದು ನಡುನೆತ್ತಿ. ಇದು ನಮ್ಮ ವಡಗಲೈ-ತೆಂಗಲೈ ನಾಮದ ಜಗಳಕ್ಕೇನೂ ಕಡಿಮೆಯಿರಲಿಲ್ಲ. 664ರಲ್ಲಿ ಇಂಗ್ಲೆಂಡಿನ ವಿಟ್ಬಿಯಲ್ಲಿ ಈಸ್ಟರ್ ಯಾವತ್ತು ಅಂತ ಪಂಚಾಯಿತಿ ಸೇರಿದಾಗ ಈ ತಕರಾರೂ ಇತ್ತು. ಕೊನೆಗೆ ರೋಮದ ಜಗಳದಲ್ಲಿ ರೋಮ್ ಗೆದ್ದಿತು. ಅಯೋನಾ ದ್ವೀಪದ ಮಠದವರು ಮಾತ್ರ 718ರ ತನಕ ಹಟ ಬಿಡಲಿಲ್ಲ.

"ನೀನೂ ಬಿಟ್ಟಿಲ್ಲ ನೋಡು. ಮುಂದೆ ಖಾಲಿ, ಹಿಂದೆ ಭರ್ತಿ. ಅಪ್ಪಟ ನಮ್ಮ ಕಡೆಯ ಬೋಳು!" ಎಂದ ಮಾವ ಹಿಂದಿನದನ್ನೂ ನುಣ್ಣಗೆ ಇಳಿಸಿದರು. ತಲೆ ಸವರಿಕೊಂಡೆ. ಹಾಯ್ ಎನಿಸಿತು. ಸುಮ್ನೆ ಇಷ್ಟು ವರ್ಷ ಜೆಲ್ಲಿಗೆ ದುಡ್ಡು ಸುರಿದಿದ್ದೆ.

ಅಮ್ಮ ಟೀ ತಂದಿಟ್ಟು, "ಥೇಟ್ ನಮ್ಮಪ್ಪ" ಎಂದರು. ಮಾವ ಟ್ರಿಮ್ಮರ್ ಆಫ್ ಮಾಡಿದರು.

"ಹಾಗಾದರೆ ತಾಯಿ ಕಡೆಯ ಪಾಲು ನಿನಗೆ ಸಂದಾಯವಾಯಿತು ಅಂತಾಯ್ತು. ಹೊಲ, ದನ ಎಲ್ಲ ನನ್ನ ಮಗನಿಗೆ."